ಕೆಂಪು ಬಂಗಾರದ ಮೇಲೆ ಎಲ್ಲರಿಗೂ ಸಂಶಯ

ಬಂಗಾರ ಎಂಬ ಮಾತು ಬಾಯಿಂದ ಬಿದ್ದರೆ ಸಾಕು, ಎದುರಿಗಿದ್ದವರ ಕಣ್ಣು ಸಣ್ಣದಾಗುತ್ತದೆ. ನನ್ನ ಹಣೆಬರಹಕ್ಕೆ ನಾನು ಪಿಎಚ್‌ಡಿಗೆ ಆರಿಸಿಕೊಂಡದ್ದೇ ಬಂಗಾರ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣಗಳನ್ನು ಒಂದು ಪಟ್ಟಿಗೆ ಲೇಪಿಸುತ್ತೇನೆ. ಅದರ ಮೇಲೆ ಒಂದು ಹನಿ ರಕ್ತ ಬಿಟ್ಟರೆ, ಸಕ್ಕರೆ ಎಷ್ಟಿದೆ ಎಂದು ಯಂತ್ರ ಹೇಳಬೇಕು. ಹಳ್ಳಿಯವರ ರಕ್ತದ ಮೇಲೆ ಅದು ಸರಿ ನಡೆದರೆ ಮಾತ್ರ ಪ್ರಬಂಧಕ್ಕೆ ಸಹಿ ಎಂದು ಗೈಡ್ ಸರ್ ಖಡಾಖಂಡಿತ ಹೇಳಿದ್ದರು.

ಅವ್ವನ ಪರೀಕ್ಷೆ

ಬಂಗಾರ ಅಷ್ಟು ಸಣ್ಣದಾದರೆ ಹಳದಿ ಬಣ್ಣ ಹೋಗಿ, ಅದು ಬೆರೆತ ನೀರೆಲ್ಲ ಕೆಂಪಾಗುತ್ತದೆ. ಅದರ ಒಂದು ಸಣ್ಣ ಬಾಟಲಿಯನ್ನು ನಮ್ಮೂರು ವಳಸಂಗದ ಮನೆಗೆ ಒಯ್ದು ಅವ್ವನಿಗೆ ಹೆಮ್ಮೆಯಿಂದ ತೋರಿಸಿದೆ.

"ಇದು ಬಂಗಾರ? ಕುಂಕುಮದ ನೀರು! ಯಾರೋ ನಿನಗ ಮೋಸ ಮಾಡ್ಯಾರ," ಎಂದಳು.

ನನಗೆ ಹೇಳದೆ ಬಾಟಲಿಯನ್ನು ಸೋಲಾಪುರದ ನಮ್ಮ ಕಾಯಂ ಸರಾಫರ ಅಂಗಡಿಗೆ ಒಯ್ದಳಂತೆ. ಅವರು ಒರೆಗಲ್ಲಿನ ಮೇಲೆ ಒಂದು ಹನಿ ಹಾಕಿ, ತಿಕ್ಕಿ, ಬೆರಳು ಒರೆಸಿಕೊಂಡು ತಲೆ ಅಲ್ಲಾಡಿಸಿದರಂತೆ. ಸಂಜೆ ಅವ್ವ ಬಾಟಲಿ ನನ್ನ ಮುಂದೆ ಕುಕ್ಕಿದಳು: "ನಿನ್ನ ಮದಿವಿಗೆ ಹಳದಿದ ತರೂಣು. ಇದನ್ನ ನೀನ ಕುಡಿ."

ಡಬ್ಬಿಯ ತಪಾಸಣೆ

ಲ್ಯಾಬಿನಲ್ಲಿ ಬಂಗಾರ ಇದೆ ಎಂಬ ಸುದ್ದಿ ಕಾಲೇಜಿನ ವಾಚ್‌ಮನ್‌ಗೂ ಮುಟ್ಟಿತು. ಅಂದಿನಿಂದ ಸಂಜೆ ಗೇಟಿನಲ್ಲಿ ನನ್ನ ಚೀಲ ಬಿಚ್ಚಬೇಕಾಯಿತು. ಒಂದು ದಿನ ಡಬ್ಬಿಯಲ್ಲಿ ಉಳಿದಿದ್ದ ಶೇಂಗಾ ಚಟ್ನಿಯ ಮೇಲೆ ಅವರ ಕಣ್ಣು ಬಿತ್ತು.

"ಇದೂ ಕೆಂಪೈತಲ್ರಿ ಮ್ಯಾಡಮ್. ಇದರಾಗ ಕಲಿಸಿ ಒಯ್ದ್ರ ನಮಗೇನ ತಿಳಿತೈತ್ರಿ?"

ನನಗೆ ಮೈಯೆಲ್ಲ ಉರಿಯಿತು. "ತಿಂದು ನೋಡ್ರಿ!" ಎಂದುಬಿಟ್ಟೆ. ತಿಂದರು. ಬೆರಳು ಚೀಪಿ, ಬಹಳ ಹೊತ್ತು ಯೋಚಿಸಿ ಹೇಳಿದರು: "ಇವತ್ತ ಇಲ್ರಿ. ನಾಳಿಗೆ ಹೇಳಾಕ ಬರಂಗಿಲ್ಲ. ಭಾಕ್ರೀನೂ ಒಂದ ಉಳಿಸ್ಕೊಂಡ ಬರ್ರಿ."

ಹನ್ನೂರಿನ ಬೆಲ್ಲ

ಕೊನೆಗೆ ರಕ್ತ ಕೊಡಲು ಒಪ್ಪಿದ್ದು ಹನ್ನೂರಿನ ಒಂದು ಕುರಿ ಸಾಕುವ ಮನೆ. ಅಲ್ಲಿನ ಅಜ್ಜನಿಗೆ, ಎಲ್ಲರ ಬಾಯಲ್ಲಿ ಮುತ್ಯಾನಿಗೆ, ಸಕ್ಕರೆ ಕಾಯಿಲೆ, ಸಿಹಿ ಬಂದ್. ಅವನಿಗೇ ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಸಂಶಯ.

"ರಕ್ತ ತಗೊಂಡ ಹೋಗಿ ಮಾರ್ತಿ ಏನ ತಂಗಿ?"

"ಒಂದ ಹನಿ ಯಾರ ಕೊಳ್ತಾರ ಮುತ್ಯಾ?"

"ಹಂಗಾರ ಬೀರೋಬಾನ ಮುಂದ ಇಡು. ಹೊಸಾದ ಏನ ಬಂದ್ರೂ ನಮ್ಮಲ್ಲಿ ಮೊದಲ ಅವನ ಮುಂದ."

ಯಂತ್ರವನ್ನು ದೇವರ ಮುಂದೆ ಇಟ್ಟು ಭಂಡಾರದ ಅರಿಶಿನ ಹಚ್ಚಿದರು. ಎಲ್ಲರ ಕೈಗೂ ಬೆಲ್ಲ, ಕೊಬ್ಬರಿ ಬಂತು. ಆಮೇಲೆ ಸಾಲಾಗಿ ಬೆರಳು ಚಾಚಿದರು.

ಮೊದಲ ಸೊಸೆಗೆ ವಿಪರೀತ ಸಕ್ಕರೆ. ಎರಡನೆಯವಳಿಗೂ ವಿಪರೀತ. ಗಟ್ಟಿಮುಟ್ಟಾದ ಮಗನಿಗೆ ಇನ್ನೂ ಹೆಚ್ಚು. ಸೊಸೆಯಂದಿರು ಅಳಲು ಶುರು ಮಾಡಿದರು. ಪಿಎಚ್‌ಡಿ ಆ ಅಂಗಳದಲ್ಲೇ ಮಣ್ಣಾಯಿತು ಎನಿಸಿತು.

"ಯಂತ್ರ ಸುಳ್ಳ ಐತಿ! ನನಗ ಮೊದಲ ಸಂಶಯ ಇತ್ತ," ಎಂದು ಮುತ್ಯಾ ಕುಣಿದಾಡಿದ. ಅವನಷ್ಟು ಖುಷಿಯಾದವರನ್ನು ನಾನು ಬೇರೆ ಕಂಡಿಲ್ಲ.

ಕಡೆಗೆ ನನ್ನದೇ ಬೆರಳು ಚುಚ್ಚಿಕೊಂಡೆ. ನನಗೂ ವಿಪರೀತ! ಆಗ ಬೆರಳು ಬೆರಳಿಗೆ ಅಂಟುತ್ತಿರುವುದು ಗಮನಕ್ಕೆ ಬಂತು. ಯಂತ್ರ ನೋಡುತ್ತಿದ್ದದ್ದು ನಮ್ಮ ಕೈಗೆ ಮೆತ್ತಿದ ಪ್ರಸಾದದ ಬೆಲ್ಲವನ್ನು.

ಎಲ್ಲರೂ ಸಾಬೂನಿನಿಂದ ಕೈ ತೊಳೆದು ಬಂದರು. ಸೊಸೆಯಂದಿರು ಸರಿ, ಮಗ ಸರಿ, ನಾನೂ ಸರಿ. ಉಳಿದವನು ಮುತ್ಯಾ. ಅವನದು ಮಾತ್ರ ಕೈ ತೊಳೆದರೂ ವಿಪರೀತವೇ ಬಂತು.

"ನಾ ಸರಿಯಾಗಿ ತೊಳದಿಲ್ಲ. ತಡಿ, ಮತ್ತ ತೊಳಕೊಂಡ ಬರ್ತೀನಿ," ಎಂದು ಎದ್ದ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಬಂದು ಅವನು ಕೂತಿದ್ದ ಕಂಬಳಿಯನ್ನು ಎತ್ತಿ ಝಾಡಿಸಿದಳು. ಬೆಲ್ಲದ ದೊಡ್ಡ ಹೆಂಟೆಯೊಂದು ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು. ಒಂದು ಬದಿ ಚೆನ್ನಾಗಿ ನೆಕ್ಕಿ ನುಣುಪಾಗಿತ್ತು.

"ಕೈ ಅಲ್ಲ, ಬಾಯಿ ತೊಳಕೊಂಡ ಬರ್ರಿ," ಎಂದಳು.

ಮುತ್ಯಾ ತಲೆ ತಗ್ಗಿಸಿ ನನ್ನ ಕಡೆ ತಿರುಗಿದ. "ತಂಗಿ, ನಿನ್ನ ಸರ್‌ಗ ಹೇಳು, ಯಂತ್ರ ಖರೇ ಐತಿ, ಹನ್ನೂರಿನ ಮುತ್ಯಾ ಹೆಬ್ಬಟ್ಟ ಒತ್ತಿ ಕೊಡ್ತಾನ ಅಂತ. ಆದ್ರ ನಮ್ಮ ಮನಿಗೆ ಮಾತ್ರ ಮತ್ತ ತರಬ್ಯಾಡವಾ."