ಮೈಕಣ್ಣನ ಹದಿನಾರನೇ ಕಂತು

"ಇನ್ನು ಮುಂದೆ ಈ ಮನೆಯೊಳಗೆ ಒಬ್ಬನೇ ಒಬ್ಬ ಕೊರಿಯಾದವನೂ ಕಾಲಿಡಕೂಡದು!"

ಹೀಗೆ ಗುಡುಗಿದ್ದು ಯಾವ ದೇಶದ ಸೇನಾಪತಿಯೂ ಅಲ್ಲ, ನಮ್ಮ ಮೈಕಣ್ಣ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬರೋದು ಹೋಗೋದನ್ನು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ತಪ್ಪು ಘೋಷಣೆ ಮಾಡಿಲ್ಲವಂತೆ. ಅದನ್ನೂ ಅವನೇ ದಿನಕ್ಕೆರಡು ಸಲ ಘೋಷಿಸುತ್ತಾನೆ.

ಹೆಂಡತಿ ಕೊರಿಯಾದ ಧಾರಾವಾಹಿ ಓಡುತ್ತಿದ್ದ ಟಿವಿಯಿಂದ ಮುಖ ತಿರುಗಿಸಲೇ ಇಲ್ಲ. "ಅವರು ಬಂದು ಮೂರು ದಿನ ಆಯ್ತು. ಚಪ್ಪಲೀನೂ ಬಾಗಿಲಲ್ಲೇ ಬಿಟ್ಟು ಬಂದ್ರು, ನಿಮ್ಮ ಹಾಗಲ್ಲ."

"ಅದರಲ್ಲಿ ಅಂಥಾದ್ದೇನಿದೆಯೇ?"

"ಅವನು ಕಂಪನಿ ಯಜಮಾನ. ಅವಳು ಲಿಫ್ಟ್ ರಿಪೇರಿ ಮಾಡೋಳು. ಅವನಿಗೆ ಲಿಫ್ಟ್ ಅಂದ್ರೆ ಪ್ರಾಣಭಯ. ಎಂಟನೇ ಕಂತಿಗೆ ಕೈ ಹಿಡೀತಾನಂತೆ."

"ಎಂಟು ಗಂಟೆ ಕಾದು ಬರೀ ಕೈಯಾ! ನಾನು ನಿನ್ನ ಕೈಯನ್ನ ಐದೇ ನಿಮಿಷದಲ್ಲಿ ಹಿಡಿದಿದ್ದೆ!"

"ಹಿಡಿದ್ರಿ, ಹಿಡಿದು ಅದಕ್ಕೊಂದು ಒದ್ದೆ ಟವೆಲ್ ಕೊಟ್ರಿ. ಇವತ್ತಿಗೂ ಅದನ್ನ ಮಂಚದ ಮೇಲೇ ಬಿಸಾಡ್ತಿದ್ದೀರಿ."

ಮಾತಿನಲ್ಲಿ ಸೋತ ಗಂಡಸು ಏನು ಮಾಡುತ್ತಾನೆ? ಸಿಟ್ಟಿನಿಂದ ಧೊಪ್ಪನೆ ಕುರ್ಚಿ ಮೇಲೆ ಕೂರುತ್ತಾನೆ. ಮೈಕಣ್ಣನೂ ಕೂತ. ಟಕ್ ಅಂತು! ಕಣ್ಣೊರೆಸಿಕೊಳ್ಳಲು ಅವಳು ತೆಗೆದಿಟ್ಟಿದ್ದ ಕನ್ನಡಕ ಎರಡು ಹೋಳಾಗಿತ್ತು.

ಕನ್ನಡಕದಂಗಡಿಯವನು ಹೊಸದಕ್ಕೆ ಎಂಟು ದಿನ ಬೇಕು ಅಂದ. ಹೆಂಡತಿ ತೀರ್ಪು ಕೊಡಲು ಎಂಟು ಕ್ಷಣವೂ ತೆಗೆದುಕೊಳ್ಳಲಿಲ್ಲ. "ನನಗೆ ಮುಖ ಕಾಣುತ್ತೆ, ಟಿವಿ ಕೆಳಗೆ ಬರೋ ಕನ್ನಡ ಅಕ್ಷರ ಕಾಣಲ್ಲ. ಒಡೆದೋರು ನೀವು, ಓದೋರೂ ನೀವೇ. ನಿಮಗೂ ಕಥೆ ಗೊತ್ತಾಗ್ಲಿ, ಮೊದಲನೇ ಕಂತಿಂದ ಶುರು, ದಿನಕ್ಕೆರಡು ಕಂತು."

ಮೈಕಣ್ಣ ಒಳಗೊಳಗೇ ಮೀಸೆ ತಿರುವಿದ. ಓದಬೇಕು ತಾನೆ? ಓದೋಣ! ಇವಳೇ ಕೈ ಮುಗಿದು ಟಿವಿ ಆರಿಸೋ ಹಾಗೆ ಓದೋಣ! ಆ ಸಂಜೆ ಸೋಫಾದಲ್ಲಿ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದಾಗೆಲ್ಲ ಎಡಗೈ ಹೆಬ್ಬೆರಳು ಸೋಫಾದ ಕೈಯನ್ನು ಒತ್ತುತ್ತಿತ್ತು. ಸ್ಟೇಷನ್ನಿನಲ್ಲಿ ಮೈಕಿನ ಗುಂಡಿ ಇರುವುದು ಅಲ್ಲೇ. ಇಪ್ಪತ್ತೊಂದು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ?

"ದಯವಿಟ್ಟು ಗಮನಿಸಿ. ನಿನ್ನನ್ನು ನೋಡದೆ. ನನಗೆ. ನಿದ್ದೆ ಬರುವುದಿಲ್ಲ. ಧನ್ಯವಾದ."

"ರೀ, ಅವನು ಅವಳನ್ನ ಪ್ರೀತಿಸ್ತಿದ್ದಾನೋ, ಎರಡನೇ ಪ್ಲಾಟ್‌ಫಾರ್ಮಿಗೆ ಕಳಿಸ್ತಿದ್ದಾನೋ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳೇ ಹೊರತು ಟಿವಿ ಆರಿಸಲಿಲ್ಲ. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಎಂಟನೇ ಕಂತು. ಲಿಫ್ಟ್ ನಡುವೆ ನಿಂತುಹೋಯಿತು, ದೀಪ ಆರಿತು, ಯಜಮಾನ ಗಡಗಡ ನಡುಗಿದ. ಆ ಹುಡುಗಿ ಎಣ್ಣೆ ಹತ್ತಿದ ಕೈಗವಸು ಕಳಚಿ ಅವನ ಬೆರಳಿನ ಹತ್ತಿರ ತನ್ನ ಬೆರಳು ತಂದಳು. ತಂದಳು, ನಿಲ್ಲಿಸಿದಳು. ಮತ್ತೆ ತಂದಳು, ಮತ್ತೆ ನಿಲ್ಲಿಸಿದಳು!

"ಹಿಡಿಯೇ ಮಾರಾಯ್ತೀ!" ಮೈಕಣ್ಣ ಸೋಫಾದಿಂದ ಎದ್ದೇ ಬಿಟ್ಟ.

"ಹಾಗಂತ ಅಕ್ಷರ ಬಂತಾ?" ಹೆಂಡತಿ ಕೇಳಿದಳು.

"ಹೂಂ... ಬಂತು."

ಅಲ್ಲಿಗೆ ಮುಗಿಯಿತು. ಕೊರಿಯಾದವರನ್ನು ಓಡಿಸಲು ಹೊರಟವನು ಅವರ ಮನೆಯಳಿಯನ ಹಾಗೆ ದಿನಾ ಸಂಜೆ ಹೊತ್ತಿಗೆ ಸರಿಯಾಗಿ ಹಾಜರಾಗತೊಡಗಿದ. ಜಂಬ ಮಾತ್ರ ಬಿಡಲಿಲ್ಲ. "ನಿನ್ನ ಕಣ್ಣಿಗೋಸ್ಕರ ನೋಡ್ತಿದ್ದೀನಿ ಅಷ್ಟೇ" ಅನ್ನುವುದು ತಪ್ಪಲಿಲ್ಲ.

ಹದಿನಾಲ್ಕನೇ ಕಂತು ಮುಗಿದಾಗ ಹೆಂಡತಿ ಗಂಭೀರವಾದಳು. "ನೋಡಿ, ಕೊನೇ ಕಂತಲ್ಲಿ ಅವನು ಬಾಯಿ ಬಿಟ್ಟು ಮನಸ್ಸಲ್ಲಿರೋದು ಹೇಳ್ತಾನಂತೆ. ಅದನ್ನ ಮಾತ್ರ ಗಾಡಿ ಕೂಗೋ ಹಾಗೆ ಕೂಗಬೇಡಿ. ಮನಸ್ಸಿಟ್ಟು ಓದಿ. ಆಗಲ್ಲ ಅಂದ್ರೆ ಹೇಳಿ, ಮೇಲಿನ ಮನೆ ನಾಟಕದ ಮೇಷ್ಟ್ರನ್ನ ಕರೀತೀನಿ. ಅವರ ದನಿ ಎಷ್ಟು ಚೆನ್ನಾಗಿದೆ!"

ಮೈಕಣ್ಣ ಲೆಕ್ಕ ಹಾಕಿದ. ಓದುವ ಕೆಲಸ ಹೋದರೆ ಸೋಫಾ ಹೋಯಿತು. ನೆಪವಿಲ್ಲದೆ ಕೂತು ನೋಡೋಣ ಅಂದರೆ ಆಡಿದ ಪ್ರತಿಜ್ಞೆ ಅಡ್ಡ ಬರುತ್ತದೆ! ಅದಕ್ಕಿಂತ ಹೆಚ್ಚಾಗಿ, ತನ್ನ ಹೆಂಡತಿಗೆ ಆ ಮಾತನ್ನು ಮೇಲಿನ ಮನೆ ಮೇಷ್ಟ್ರು ಓದಿ ಹೇಳೋದೇ? ಛೆ ಛೆ, ಜೀವ ಹೋದರೂ ಸರಿ!

ಮಾರನೇ ದಿನ ಮಧ್ಯಾಹ್ನ, ಹನ್ನೆರಡೂ ಹತ್ತರ ಗಾಡಿಯನ್ನು ಕೂಗಿದ್ದಾಯಿತು. ಅದು ಹೊರಡಲು ಇನ್ನೂ ಐದು ನಿಮಿಷವಿತ್ತು. ಮೈಕಣ್ಣ ಕೋಣೆ ಬಾಗಿಲು ಹಾಕಿದ. ಮೊಬೈಲಿನಲ್ಲಿ ಹದಿನಾರನೇ ಕಂತಿನ ಕೊನೆಯನ್ನು ಹಾಕಿ ಕಿವಿಗೆ ವೈರು ಸಿಕ್ಕಿಸಿಕೊಂಡ. ಹುಡುಗಿ ಪೆಟ್ಟಿಗೆ ಹಿಡಿದು ಊರು ಬಿಟ್ಟು ಹೊರಟಿದ್ದಾಳೆ, ಯಜಮಾನ ಎದುರು ನಿಂತಿದ್ದಾನೆ. ಮೈಕಣ್ಣ ಅಭ್ಯಾಸ ಶುರುಮಾಡಿದ. ಬಾಯಿ ತೆರೆಯಿತು, ಹೆಬ್ಬೆರಳು ತನ್ನ ಪಾಡಿಗೆ ತಾನು ಗುಂಡಿ ಒತ್ತಿತು.

"ಹೋಗಬೇಡ..."

ಪ್ಲಾಟ್‌ಫಾರ್ಮಿನ ಹದಿನೆಂಟು ಸ್ಪೀಕರುಗಳೂ ಒಟ್ಟಿಗೆ ನಿಟ್ಟುಸಿರು ಬಿಟ್ಟವು.

"ನೀನು ಹೋದ್ರೆ ಆ ಮನೆಯಲ್ಲಿ ನನಗೇನಿದೆ? ಇಷ್ಟು ವರ್ಷ ಊರಿಗೆಲ್ಲ ಕೂಗಿದೆ, ನಿನಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಟವೆಲ್ ಎಲ್ಲಿ ಬಿಸಾಡಿದ್ರೂ ಬೈದು ಎತ್ತಿಡೋಳು ನೀನು. ಬೈಯೋ ದನಿ ಕೇಳದಿದ್ರೆ ನನಗೆ ಬೆಳಗಾಗಲ್ಲ. ನೀನಂದ್ರೆ ನನಗೆ ಪ್ರಾಣ ಕಣೇ!"

ಆಮೇಲಾದದ್ದನ್ನು ಏನಂತ ಹೇಳಲಿ! ಗಾರ್ಡು ಹಸಿರು ಬಾವುಟ ಎತ್ತಿದವನು ಹಾಗೇ ಇಳಿಸಿದ. ಅಳಿಯನ ಮೇಲೆ ಮುನಿಸಿಕೊಂಡು ಹೊರಟಿದ್ದ ಅತ್ತೆಯೊಬ್ಬರು, ಬುದ್ಧಿ ಬಂತಲ್ಲ ಅವನಿಗೆ ಅಂತ ಟ್ರಂಕಿನ ಸಮೇತ ಇಳಿದರು. ಅವರನ್ನು ಹತ್ತಿಸಿ ಹಗುರಾಗಿದ್ದ ಅಳಿಯ ಅಲ್ಲೇ ಕುಸಿದು ಕೂತ. ಗಾಡಿ ಏಳು ನಿಮಿಷ ತಡ! ಸ್ಟೇಷನ್ ಮಾಸ್ಟರು ಬಾಗಿಲು ದೂಡಿಕೊಂಡು ನುಗ್ಗಿದರು.

"ಏನಯ್ಯಾ ಇದು! ಯಾರಿಗಯ್ಯಾ ಹೋಗಬೇಡ ಅಂದಿದ್ದು, ಗಾಡಿಗಾ?"

"ಇ... ಇಲ್ಲ ಸಾರ್, ಲಿಫ್ಟ್ ರಿಪೇರಿಯವಳಿಗೆ."

"ನಮ್ಮಲ್ಲಿ ಲಿಫ್ಟೇ ಇಲ್ಲವಲ್ಲಯ್ಯಾ! ನಾಳೆ ಬೆಳಗ್ಗೆ ಲಿಖಿತ ಉತ್ತರ ಕೊಡು!"

ಇಪ್ಪತ್ತೊಂದು ವರ್ಷದ ಕೀರ್ತಿ ಏಳು ನಿಮಿಷದಲ್ಲಿ ಮಣ್ಣುಪಾಲು. ಸಂಜೆ ಮೈಕಣ್ಣ ತಲೆ ತಗ್ಗಿಸಿಕೊಂಡು ಬಂದು, ಯಾವತ್ತೂ ಇಲ್ಲದ್ದು, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟ. ಒಳಗೆ ನೋಡಿದರೆ ಹೆಂಡತಿಯ ಮುಖದ ಮೇಲೆ ಹೊಸ ಕನ್ನಡಕ!

"ಒಂದು ದಿನ ಮುಂಚೇನೇ ಕೊಟ್ಟ. ಮಧ್ಯಾಹ್ನ ಹೋಗಿ ತಂದೆ," ಅಂದಳು.

ಕನ್ನಡಕದಂಗಡಿ ಇರುವುದು ಸ್ಟೇಷನ್ನಿನ ಎದುರಿಗೆ. ಮೈಕಣ್ಣ ಮೆಲ್ಲಗೆ ಕೇಳಿದ. "ಮಧ್ಯಾಹ್ನ... ಎಷ್ಟು ಹೊತ್ತಿಗೆ?"

"ಹನ್ನೆರಡೂ ಹತ್ತರ ಗಾಡಿ ಹೊತ್ತಿಗೆ. ಹಾಕ್ಕೊಂಡು ಗೋಡೆ ಮೇಲಿನ ಅಕ್ಷರ ಓದಿ ಅಂದ. ಎಲ್ಲಿ ಓದ್ಲಿ? ಕಣ್ಣು ತುಂಬಿ ಒಂದಕ್ಷರಾನೂ ಕಾಣ್ಲಿಲ್ಲ."

"ಅಯ್ಯೋ, ಅದು ನನ್ನ ಮಾತಲ್ವೇ! ಅವನದು! ಹದಿನಾರನೇ ಕಂತಿನದು!"

"ಹೌದಾ? ನೀವು ಬರೋವರೆಗೆ ತಡೀಲಾರದೆ ನೋಡಿ ಮುಗಿಸಿದೆ. ಅಕ್ಷರಾನೂ ನಾನೇ ಓದಿದೆ. ಅವನು 'ಹೋಗಬೇಡ' ಅಂದ, ಕೈ ಹಿಡಿದ, ಮುಗೀತು." ಅವಳು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲಾ ರೀ, ಆ ಟವೆಲ್ ಯಾರದು?"

ಮೈಕಣ್ಣ ಬಾಯಿ ತೆರೆದ. ಹೆಬ್ಬೆರಳು ಗಾಳಿಯಲ್ಲಿ ಗುಂಡಿ ಹುಡುಕಿತು. ಸೀದಾ ಕೋಣೆಗೆ ಹೋಗಿ, ಮಂಚದ ಮೇಲಿದ್ದ ಟವೆಲ್ ಎತ್ತಿ, ತಂತಿಯ ಮೇಲೆ ಹರವಿ ಬಂದ.