ಅತ್ತೆಯ ಹೊಟ್ಟೆಗೊಂದು ಪಂಪು

ನಮ್ಮ ಸೋದರಮಾವನಷ್ಟು ಬುದ್ಧಿವಂತ ಇಡೀ ಭಾಲ್ಕಿಯಲ್ಲಿ ಇಲ್ಲ ಎಂದು ನಂಬಿದವರು ಒಬ್ಬರೇ. ಅದು ನಮ್ಮ ಸೋದರಮಾವ! ನೀರೆತ್ತುವ ಪಂಪುಗಳ ರಿಪೇರಿ ಅವನ ಕಸುಬು. ಬರ ಬಿದ್ದು ಬಾವಿಗಳು ಬತ್ತಿ, ಪಂಪಿನ ಮಾಲೀಕರೆಲ್ಲ ಗಂಟುಮೂಟೆ ಕಟ್ಟಿ ಹೈದರಾಬಾದು, ಪುಣೆ ಸೇರಿದ ಮೇಲೆ ಅಂಗಡಿಯಲ್ಲಿ ಉಳಿದದ್ದು ನೀರಿಲ್ಲದೆ ಓಡಿ ಸುಟ್ಟ ಮೋಟಾರುಗಳು ಮಾತ್ರ. ಆ ವರ್ಷ ನೀರು ತುಂಬುತ್ತಿದ್ದದ್ದು ಒಂದೇ ಕಡೆ, ನಮ್ಮ ಅತ್ತೆಯ ಹೊಟ್ಟೆಯಲ್ಲಿ. ಎಂಥ ಹಣೆಬರಹ ನೋಡಿ!

ಅತ್ತೆಗೆ ಜಲೋದರ. ಲಿವರ್ ಕೆಟ್ಟಿತ್ತು. ಬೀದರಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೀರು ತೆಗೆಸಿದರೆ ಕೆಲವೇ ದಿನಕ್ಕೆ ಮತ್ತೆ ತುಂಬುತ್ತಿತ್ತು. ಸಾಲದ್ದಕ್ಕೆ ಕುಡಿಯುವ ನೀರಿಗೂ ಡಾಕ್ಟರು ಅಳತೆ ಇಟ್ಟಿದ್ದರು. ಸೂಜಿ ಕಂಡರೆ ಅತ್ತೆ ಮಗುವಿನಂತೆ ಅಳುತ್ತಿದ್ದಳು.

"ಅಳಬ್ಯಾಡ. ಹೊಟ್ಯಾಗೇ ಒಂದು ಪಂಪ್ ಕೂಡಿಸಿಬಿಡ್ತೇನಿ," ಎಂದ ಮಾವ.

ಬೆಂಕಿಪೊಟ್ಟಣದಷ್ಟು ಪಂಪು, ಒಂದು ಸಣ್ಣ ನಳಿಕೆ. ಹೊಟ್ಟೆಯ ನೀರನ್ನು ಮೂತ್ರಕೋಶಕ್ಕೆ ದೂಡಿಬಿಟ್ಟರೆ ಮುಂದಿನ ದಾರಿ ಅದಕ್ಕೇ ಗೊತ್ತಂತೆ! ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ.

ಯಾವ ಪಂಪನ್ನಾದರೂ ಚಾಲೂ ಮಾಡುವ ಮುಂಚೆ ಅದರ ಬಾಯಿಗೆ ಒಂದು ತಂಬಿಗೆ ನೀರು ಸುರಿಯಲೇಬೇಕೆಂಬುದು ಮಾವನ ಹಟ. "ನೀರಿದ್ದರ ನಿಮ್ಮ ಕಡಿ ಯಾಕ ಬರ್ತಿದ್ದೆ ಮಾಮಾ?" ಎಂದು ಔರಾದಿನ ಗಿರಾಕಿಯೊಬ್ಬ ಗೋಳಾಡಿದ. "ಮೊದಲ ನೀ ಅದಕ್ಕ ಕುಡಿಸು, ಆಮ್ಯಾಲ ಅದು ನಿನಗ ಕುಡಿಸ್ತದ," ಎಂದ ಮಾವ. ಹೊಸ ಪಂಪಿಗೂ ಅದೇ ಕಾನೂನು. ಟ್ಯಾಂಕರ್ ಬಂದ ದಿನವೇ ಪರೀಕ್ಷೆ! "ಒಂದು ತೊಟ್ಟು ಚೆಲ್ಲಿದ್ರ ನೋಡ್ರಿ ಮತ್ತ!" ಎಂದು ಅತ್ತೆ ಕೊಡ ಅಪ್ಪಿಕೊಂಡು ಕೂರುತ್ತಿದ್ದಳು.

ಒಂದು ದಿನ ನೀರು ತುಂಬಿದ ರಬ್ಬರ್ ಚೀಲಕ್ಕೆ ಪಂಪು ಜೋಡಿಸಿ, ತನ್ನ ಹೊಟ್ಟೆಗೇ ಕಟ್ಟಿಕೊಂಡು ಮಾವ ಬಜಾರಿಗೆ ಹೊರಟ. ನಡುದಾರಿಯಲ್ಲಿ ನಳಿಕೆ ಕಳಚಿತು. ಊರಿನ ನಳದಲ್ಲಿ ಹನಿಯಿಲ್ಲ, ಮಾವನ ಧೋತರದಿಂದ ಧಾರೆ! ಪಕ್ಕದ ಮನೆಯಾಕೆ ಕೊಡ ಹಿಡಿದು ಹಿಂದೆಯೇ ಓಡಿದಳು.

ಮುಂದಿನ ಸಲ ಅತ್ತೆಯನ್ನು ಬೀದರಿಗೆ ಕರೆದೊಯ್ದಾಗ ಮಾವ ಪಂಪನ್ನೂ ಒಯ್ದ; ಡಾಕ್ಟರು ಅದನ್ನು ತಿರುಗಿಸಿ ನೋಡಿದರು. ಪಾಪ, ಒಳ್ಳೆಯ ಮನುಷ್ಯ. "ಕರೆಂಟ್ ಹೋದ್ರ ಏನು ಮಾಡ್ತೀರಿ?"

"ಹೋದ್ರ ಅನ್ನಬ್ಯಾಡ್ರಿ ಸಾಹೇಬ್ರ, ನಮ್ಮೂರಾಗ ಬಂದ್ರ ಅನ್ರಿ!"

ಡಾಕ್ಟರು ನಕ್ಕರು. ಆಮೇಲೆ ಮಾವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದರು. "ಮನಿಗಿ ಕರ್ಕೊಂಡು ಹೋಗ್ರಿ. ಇನ್ನ ಅಳತಿ ಬ್ಯಾಡ. ಕೇಳಿದಷ್ಟು ನೀರು ಕೊಡ್ರಿ." ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಭಾಲ್ಕಿ ಮುಟ್ಟಿದೊಡನೆ ಮಾವ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡ.

ಮನೆಯಲ್ಲಿ ಅತ್ತೆ ಕೇಳಿದಳು, "ಪಂಪ್ ತಯಾರಾತೇನ್ರಿ?"

"ಆತು. ಚಾಲೂ ಮಾಡೋಕಿಂತ ಮೊದಲ ನೀರು ಹಾಕಬೇಕಲ್ಲ? ಕುಡಿ."

"ಪೂರಾ ತಂಬಿಗಿ?"

"ಪೂರಾ."

ಎಷ್ಟು ತಿಂಗಳ ದಾಹವೋ! ಅತ್ತೆ ಕಣ್ಣು ಮುಚ್ಚಿ ಅರ್ಧ ತಂಬಿಗೆ ಕುಡಿದಳು. ಆಮೇಲೆ ಗಂಡನ ಮುಖವನ್ನೇ ನೋಡಿದಳು. ಅವಳಿಗೆ ತಿಳಿದುಹೋಯಿತು.

"ಉಳಿದದ್ದು ನೀವು ಕುಡೀರಿ," ಎಂದಳು. "ನಿಮ್ಮ ಮೋಟಾರೂ ಭಾಳ ದಿನದಿಂದ ನೀರಿಲ್ದ ಓಡ್ಲಕತ್ತದ."

ಮಾವ ತಂಬಿಗೆ ಎತ್ತಿದ; ಬಾಯಿಗೆ ಮುಟ್ಟುವ ಮುಂಚೆಯೇ ನೀರೆಲ್ಲ ನೆಲಕ್ಕೆ ಚೆಲ್ಲಿತು. ಅತ್ತೆ ಬೈಯಲಿಲ್ಲ.