ಕಾಗೆಗಾಗಿ ಬೈನಾಕ್ಯುಲರ್

ಬೇಡವಾದಾಗ ತಲೆಯ ಮೇಲೇ ಬಂದು ಕೂರುವುದು, ಬೇಕಾದಾಗ ಊರೆಲ್ಲ ಹುಡುಕಿದರೂ ಸಿಗದಿರುವುದು ಈ ಲೋಕದಲ್ಲಿ ಎರಡೇ: ಒಂದು ಮ್ಯಾನೇಜರು, ಇನ್ನೊಂದು ಕಾಗೆ. ಮ್ಯಾನೇಜರಿನ ವಿಷಯ ಸದ್ಯಕ್ಕೆ ಇರಲಿ. ಅವ್ವ ಮಂಡ್ಯದಿಂದ ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದಾಗಲೇ ಅಪ್ಪನ ತಿಥಿ ಬಂತು. ಚಳಿಯಲ್ಲೇ ಎದ್ದು ಅನ್ನ, ವಡೆ, ಪಾಯಸ ಮಾಡಿ ಎಡೆ ಇಟ್ಟಳು. ಇನ್ನು ಕಾಗೆ ಬಂದು ಮುಟ್ಟಬೇಕು. ಅಲ್ಲಿಯವರೆಗೆ ಅವ್ವನಿಗೆ ಹನಿ ನೀರಿಲ್ಲ, ಅವಳು ಉಣ್ಣದೆ ನನಗೆ ಊಟವಿಲ್ಲ. ದಿನವೂ ನನ್ನ ಕಾರಿನ ಮೇಲೆ ಹಿಕ್ಕೆ ಹಾಕುತ್ತಿದ್ದ ಕಾಗೆಗಳಲ್ಲಿ ಅಂದು ಒಂದೂ ಕಾಣಲಿಲ್ಲ. ಪಾರಿವಾಳಗಳ ಕಾಟ ತಡೆಯಲಾರದೆ ಅಪಾರ್ಟ್‌ಮೆಂಟಿನವರು ಹಿಂದಿನ ಸಂಜೆಯಷ್ಟೇ ಚಾವಣಿಯ ಅಂಚಿನಲ್ಲಿ ಪ್ಲಾಸ್ಟಿಕ್ ಗೂಬೆಯೊಂದನ್ನು ನಿಲ್ಲಿಸಿದ್ದರು. "ಅಲ್ಲ ಕಣ್ಲಾ, ತಿಥಿ ದಿನ್ವೇ ಮನೆ ಮ್ಯಾಲೆ ಗೂಬೆ ಕೂರ್ಸವ್ರಲ್ಲ!" ಎಂದು ಅವ್ವ ಹೌಹಾರಿದಳು.

ಅಷ್ಟರಲ್ಲಿ ರಘುರಾಮನ ಫೋನು. ಉಡುಪಿ ಕಡೆಯವನು, ನನ್ನದೇ ಆಫೀಸು. ಹಕ್ಕಿ ನೋಡುವ ಹುಚ್ಚು. ಚಳಿಗಾಲದ ಶನಿವಾರಗಳಲ್ಲಿ ನನ್ನನ್ನು ಕರೆಯುವುದು ಅವನ ಧರ್ಮ, ಏನಾದರೊಂದು ನೆಪ ಹೇಳುವುದು ನನ್ನ ಧರ್ಮ.

"ಕೊಲ್ಲಿಯ ಹತ್ರದ ಪಕ್ಷಿಧಾಮಕ್ಕೆ ಹೋಗ್ತಿದ್ದೇನೆ ಮಾರಾಯ. ಬಾತುಗಳೆಲ್ಲ ಬಂದಿವೆ. ಬರ್ತೀಯಾ?"

"ಅಲ್ಲಿ ಕಾಗೆ ಇದೆಯಾ?"

"ಇರ್ಬಹುದು. ಕಾಗೆಯನ್ನು ಯಾರು ಮಾರಾಯ ನೋಡೋದು?"

"ನಾವು," ಎಂದೆ. ಎಡೆಯನ್ನು ಕಟ್ಟಿಕೊಂಡು ಅವ್ವನೂ ನಾನೂ ಹೊರಟೆವು.

ಪಕ್ಷಿಧಾಮವನ್ನು ಹಕ್ಕಿಗಳು ಮರೆತಿರಲಿಲ್ಲ, ಮನುಷ್ಯರು ಮರೆತಿದ್ದರು. ಜೌಗಿನ ಮೇಲಿನ ಕಾಲುದಾರಿಯಲ್ಲಿ ಹಲಗೆಗಿಂತ ತೂತೇ ಹೆಚ್ಚು. ಬೋರ್ಡೊಂದು ಕೆಸರಿನಲ್ಲಿ ಬೋರಲು ಬಿದ್ದಿತ್ತು. ಅದರಲ್ಲಿ ಹಕ್ಕಿಗಳಿಗೆ ತಿನ್ನಲು ಹಾಕಬಾರದೆಂದೇ ಬರೆದಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದಲೇ ಎತ್ತಿ ನೋಡಲಿಲ್ಲ. ರಘುರಾಮ ಬಾತುಗಳನ್ನು ನೋಡಿ ಹಿಗ್ಗುತ್ತಿದ್ದ. ಅವ್ವ ಹಲಗೆಯ ತುದಿಯಲ್ಲಿ ಎಡೆಯ ತಟ್ಟೆ ಇಟ್ಟು ಕೂತಳು. ಬಿಳಿಯ ಕಡಲ ಹಕ್ಕಿಯೊಂದು ಎರಗಿ ಬಂದಾಗ ಸೆರಗು ಬೀಸಿ, "ಹೋಗತ್ಲಾಗೆ! ನಿಮ್ಮಪ್ಪ ಇಷ್ಟು ಬೆಳ್ಳಗಿರ್ನಿಲ್ಲ ಕಣ್ಲಾ," ಎಂದಳು. ಬಾತುಗಳೆಲ್ಲ ಹಾರಿಹೋದವು. "ಅಮ್ಮಾ, ಸ್ವಲ್ಪ ಮೆಲ್ಲಗೆ," ಎಂದು ರಘುರಾಮ ಕೈಮುಗಿದ. ಎಳೆಬಿಸಿಲು, ಮಿನುಗುವ ನೀರು. ಹೊಟ್ಟೆ ತಾಳ ಹಾಕುತ್ತಿದ್ದರೂ ನನಗೆ ಮಾತ್ರ ಹಾಯೆನಿಸಿತು.

ಕೊನೆಗೂ ದೂರದ ಕಂಬದ ಮೇಲೆ ಕಾಗೆಯೊಂದು ಕಂಡಿತು. ರಘುರಾಮನ ಕೈಯಿಂದ ಬೈನಾಕ್ಯುಲರ್ ಕಸಿದು ನೋಡಿದೆ. ಅದು ಎಡೆಯನ್ನೇ ನೋಡುತ್ತಿತ್ತು, ಬರುತ್ತಿರಲಿಲ್ಲ.

"ಏನೋ ಆಸೆ ಉಳ್ಕೊಂಡದೆ," ಎಂದಳು ಅವ್ವ. "ನಿಮ್ಮ ಕಂಪ್ನಿ ಏನ್ ಮಾರ್ತದೆ ಅಂತ ಕೇಳೀ ಕೇಳೀ ಹೋದ್ರು. ಈಗ್ಲಾದ್ರೂ ಹೇಳ್ಲಾ."

ನಿಜ. ಭಾನುವಾರದ ಫೋನಿನಲ್ಲಿ ಅಪ್ಪ ಕೇಳುತ್ತಿದ್ದುದು ಅದೊಂದೇ. ಅಷ್ಟು ಹೊತ್ತಿಗೆ ಸರಿಯಾಗಿ ನನಗೆ ಲೈನು ಕೇಳಿಸುತ್ತಿರಲಿಲ್ಲ. ಈಗ ಎದ್ದು ನಿಂತು, ಕಾಗೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡೆ.

"ಅಪ್ಪಾ, ನಮ್ಮದು ವೆಬ್‌ಸೈಟು. ಮೊದಲು ಜನ ಬರ್ತಾರೆ. ಜನ ಬಂದ ಮೇಲೆ ಸೊಲ್ಯೂಷನ್ಸ್ ಕೊಡ್ತೀವಿ. ಲಾಭ ಆಮೇಲೆ..."

ಕಾಗೆ ಕತ್ತು ಆ ಕಡೆ ತಿರುಗಿಸಿತು. ರಘುರಾಮ ಮಾತ್ರ ಬಾತುಗಳನ್ನು ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದ. ಅವನೂ ಅದೇ ಕಂಪನಿಯವನಲ್ಲವೇ, ತಿಳಿದುಕೊಳ್ಳುವ ಆಸೆ ಇದ್ದೇ ಇರುತ್ತದೆ. ಅವ್ವನ ಬಾಡಿದ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಏನು ಮಾರ್ತೀವೋ ನಂಗೂ ಗೊತ್ತಿಲ್ಲಪ್ಪ!"

ಕಾಗೆ ರೆಕ್ಕೆ ಬಿಚ್ಚಿತು. ನೇರ ಬಂದು ಇಳಿದು, ವಡೆ ಕಚ್ಚಿಕೊಂಡು ಹಾರಿತು. ಅವ್ವ ಕಣ್ಣೊರೆಸಿಕೊಂಡು ನಕ್ಕಳು. "ಇಷ್ಟು ಹೇಳಕ್ಕೆ ಏನ್ಲಾ ಆಗಿತ್ತು ನಿಂಗೆ?" ಮೂವರೂ ಅಲ್ಲೇ ಕೂತು ಉಂಡೆವು. ಅಪ್ಪನೂ ಪಕ್ಕದಲ್ಲಿದ್ದಂತೆ ಅನಿಸಿ ನನಗೆ ಎರಡು ತುತ್ತು ಹೆಚ್ಚೇ ಸೇರಿತು.

ಸೋಮವಾರದ ಮೀಟಿಂಗಿನಲ್ಲಿ ಹೊಸ ಮ್ಯಾನೇಜರು ಅದೇ ಪ್ರಶ್ನೆ ಕೇಳಿದರು. ರಘುರಾಮ ನನ್ನ ಮುಖ ನೋಡಿದ. ನಾನು ಎದ್ದು ನಿಂತು ವೆಬ್‌ಸೈಟು, ಜನ, ಸೊಲ್ಯೂಷನ್ಸ್ ಎಲ್ಲವನ್ನೂ ಹೇಳಿದೆ. ಮ್ಯಾನೇಜರು ಮೆಚ್ಚಿ ತಲೆದೂಗಿ, ಮೇಜಿನ ತಟ್ಟೆಯಿಂದ ಡೋನಟ್ ಎತ್ತಿಕೊಂಡರು. ಕಾಗೆಯನ್ನು ಒಪ್ಪಿಸುವುದೇ ಕಷ್ಟ.